ಚಳಿಗೆ ಬಿಸಿ ಮಸಾಲೆ ವೈನ್: ಮನೆಯಲ್ಲಿ ಮಾಡಿದವರು ದಯವಿಟ್ಟು ಹೇಳಿ

ಕ್ರಿಸ್ಮಸ್ ಮುಗಿದ ಮೇಲಿನ ಶನಿವಾರ ಮಲ್ಲೇಶ್ವರದ ನಮ್ಮ ಮನೆ ತಾರಸಿಯಲ್ಲಿ ಹನ್ನೆರಡು ಜನ ಸೇರುತ್ತಿದ್ದೇವೆ. ಬಿಸಿ ಮಸಾಲೆ ವೈನ್ ಮಾಡಬೇಕು ಅಂತ ಆಸೆ. ಎಂಥ ವೈನ್ ತರಬೇಕು? ಎಷ್ಟು ಹೊತ್ತು ಕಾಯಿಸಬೇಕು? ಅರ್ಧ ಜನ ಕುಡಿಯುವವರಲ್ಲ, ಅವರಿಗೆ ಏನು ಕೊಡಲಿ?

ಜಯನಗರದಿಂದ

ನಾನು ಐದು ವರ್ಷದಿಂದ ಪ್ರತಿ ಚಳಿಗಾಲಕ್ಕೂ ಮಾಡುತ್ತಿದ್ದೇನೆ. ಮೊದಲ ಸಲ ಎರಡು ಬಾಟಲಿಯನ್ನೂ ಪಾತ್ರೆಗೆ ಸುರಿದು, ಮಸಾಲೆ ಹಾಕಿ, ಸಾರು ಕುದಿಸುವ ಹಾಗೆ ಅರ್ಧ ಗಂಟೆ ಕುದಿಸಿದ್ದೆ. ಕಷಾಯದಂತೆ ಕಹಿಯಾಯಿತು. ಬಂದವರು ಒಂದೊಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ನನಗೆ ತುಂಬಾ ಬೇಜಾರಾಗಿತ್ತು. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ವೈನ್ ಕುದಿಯಲೇಬಾರದು. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಜೊತೆ ಹಣ್ಣಿನ ಘಮವೂ ಹೊರಟುಹೋಗುತ್ತದೆ. ಆದರೆ ಮಸಾಲೆಗೆ ಚೆನ್ನಾಗಿ ಕಾವು ಬೇಕು, ಅಲ್ವಾ? ಹಾಗಾಗಿ ಮೊದಲು ಮಸಾಲೆ ಪಾಕ ಮಾಡಿಕೊಳ್ಳಿ. 750 ಎಂಎಲ್‌ನ ಎರಡು ಬಾಟಲಿಗೆ ಒಂದು ಲೋಟ ನೀರು, ಸುಮಾರು 100 ಗ್ರಾಂ ಸಕ್ಕರೆ, ಬೆರಳುದ್ದದ ಎರಡು ಚಕ್ಕೆ, ಎಂಟು ಲವಂಗ, ಎರಡು ಚಕ್ರಮೊಗ್ಗು, ಜಜ್ಜಿದ ನಾಲ್ಕು ಏಲಕ್ಕಿ, ಒಂದು ಚೂರು ಶುಂಠಿ. ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಯಲಿ. ಲವಂಗ ಜಾಸ್ತಿ ಹಾಕಬೇಡಿ, ನಾಲಿಗೆ ಜೋಮು ಹಿಡಿಯುತ್ತದೆ. ಮಸಾಲೆ ಇಡಿಯಾಗಿಯೇ ಇರಲಿ. ಪುಡಿ ಹಾಕಿದರೆ ತಳದಲ್ಲಿ ಗಸಿ ನಿಲ್ಲುತ್ತದೆ.

ಆಮೇಲೆ ವೈನ್ ಸುರಿಯಿರಿ. ಒಂದು ಕಿತ್ತಳೆಯ ಸಿಪ್ಪೆ ಹಾಕಿ, ಆದರೆ ಒಳಗಿನ ಬಿಳಿ ಪದರ ತೆಗೆದುಬಿಡಿ, ಕಹಿ ಬರುವುದು ಅದರಿಂದಲೇ. ಕೊಡಗಿನ ಕಿತ್ತಳೆ ಸಿಕ್ಕರೆ ಅದನ್ನೇ ತನ್ನಿ, ಸಿಪ್ಪೆ ಬಹಳ ಘಮ. ಸಣ್ಣ ಉರಿಯಲ್ಲಿ ಕಾಲು ಗಂಟೆ ಸಾಕು. ಹಬೆ ಏಳಬೇಕು, ಗುಳ್ಳೆ ಬರಬಾರದು. ಪಾತ್ರೆ ಸ್ಟೀಲಿನದೇ ಇರಲಿ. ವೈನಿನ ಹುಳಿಗೆ ಅಲ್ಯೂಮಿನಿಯಂ ಆಗುವುದಿಲ್ಲ.

ದುಬಾರಿ ವೈನ್ ಬೇಡ. ಇಷ್ಟು ಮಸಾಲೆ ಬಿದ್ದ ಮೇಲೆ ಅದರ ಸೂಕ್ಷ್ಮ ರುಚಿ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ನಂದಿ ಬೆಟ್ಟದ ಸುತ್ತಲಿನ ಸಾಧಾರಣ ಕೆಂಪು ವೈನ್, ಸಿಹಿ ಇಲ್ಲದ್ದು, ಸಾಕು.

ಫ್ರೇಜರ್ ಟೌನ್‌ನಿಂದ

ಮೇಲಿನವರ ಅಳತೆ ಸರಿಯಾಗಿದೆ. ಆದರೆ ಕ್ರಿಸ್ಮಸ್‌ಗೆ ಯಾರಾದರೂ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್ ಕೊಟ್ಟಿದ್ದರೆ ಲೆಕ್ಕ ಬೇರೆ. ನಮ್ಮಮ್ಮ ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಮಾಡುತ್ತಿದ್ದರು. 2013ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು) ಸಿಕ್ಕ, ಬೀಜ ಇರುವ, ಸಿಪ್ಪೆ ದಪ್ಪದ ಆ ದ್ರಾಕ್ಷಿಯೇ. ಆ ವೈನ್ ಮೊದಲೇ ಸಿಹಿ, ಘಮವೂ ಜೋರು. ಪಾಕಕ್ಕೆ ಸಕ್ಕರೆ ಹಾಕಲೇಬೇಡಿ. ಚಕ್ಕೆ, ಶುಂಠಿ ಮಾತ್ರ ಸಾಕು. ಕೊನೆಯಲ್ಲಿ ರುಚಿ ನೋಡಿ, ಸಪ್ಪೆ ಅನಿಸಿದರೆ ನಾಲ್ಕು ಹನಿ ನಿಂಬೆ ರಸ ಹಿಂಡಿ.

ಇನ್ನೊಂದು ಮಾತು. ಕಾಯಿಸಿದರೆ ಅಮಲು ಪೂರ್ತಿ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಒಂದು ಗುಟುಕೂ ಬೇಡ. ಕುಡಿದವರು ಗಾಡಿ ಓಡಿಸುವುದೂ ಬೇಡ.

ವಿಜಯನಗರದಿಂದ, ಊರು ಪುತ್ತೂರು

ಕುಡಿಯದವರ ಬಗ್ಗೆ ಕೇಳಿದ್ದು ಖುಷಿಯಾಯಿತು. ಇಂಥ ಕಡೆ ನಮ್ಮಂಥವರ ಕೈಗೆ ಸುಮ್ನೆ ತಣ್ಣನೆಯ ಪೆಪ್ಸಿ ಕೊಟ್ಟುಬಿಡುತ್ತಾರೆ. ಪುನರ್ಪುಳಿ, ಅಂದರೆ ಕೋಕಂ ಹಣ್ಣಿನ ಪಾನಕ ಮಾಡಿ. ಒಣಗಿದ ಸಿಪ್ಪೆ ಹದಿನೈದು ಇಪ್ಪತ್ತನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ಕಿವುಚಿ, ಸೋಸಿ. ಅದೇ ಚಕ್ಕೆ, ಲವಂಗ, ಏಲಕ್ಕಿ, ಶುಂಠಿ ಹಾಕಿ, ಬೆಲ್ಲ ಸೇರಿಸಿ ಹತ್ತು ನಿಮಿಷ ಕುದಿಸಿ. ಇದಕ್ಕೆ ಕುದಿಯುವ ಭಯ ಇಲ್ಲ. ಒಂದು ಚಿಟಿಕೆ ಉಪ್ಪು ಮರೆಯಬೇಡಿ. ಬಣ್ಣವೂ ವೈನ್‌ನಷ್ಟೇ ಕೆಂಪು. ನೋಡಲು ಒಂದೇ ಥರ ಇರುವುದರಿಂದ ಎರಡಕ್ಕೂ ಬೇರೆ ಬೇರೆ ಫ್ಲಾಸ್ಕ್ ಇಟ್ಟು, ಮೇಲೆ ದೊಡ್ಡದಾಗಿ ಚೀಟಿ ಅಂಟಿಸಿ.

ಮತ್ತೆ ಜಯನಗರದಿಂದ

ಚೀಟಿ ಮಾತು ಒಳ್ಳೆಯದು, ನನಗೆ ಹೊಳೆದಿರಲಿಲ್ಲ. ಲೋಟದ ವಿಷಯ ಬರೆಯುವುದು ಬಿಟ್ಟೆ. ತೆಳು ಗಾಜಿನ ಲೋಟಕ್ಕೆ ಬಿಸಿ ಸುರಿಯಬೇಡಿ, ಸೀಳುತ್ತದೆ. ಕಾಫಿಯ ಸ್ಟೀಲ್ ಲೋಟ ಡಬರಾ ತೆಗೆಯಿರಿ. ಡಬರಾ ಹಿಡಿದರೆ ಬೆರಳು ಸುಡುವುದಿಲ್ಲ, ತಾರಸಿ ಗಾಳಿಗೆ ಅಂಗೈಯೂ ಬೆಚ್ಚಗಿರುತ್ತದೆ. ಅರ್ಧ ಲೋಟದಂತೆ ಬಡಿಸಿದರೆ ಎರಡು ಬಾಟಲಿ ಆರು ಜನಕ್ಕೆ ಧಾರಾಳ. ಜೊತೆಗೆ ಬಿಸಿ ಬಿಸಿ ಹುರಿದ ಕಡ್ಲೆಕಾಯಿ ಇಡಿ.