ಸಹಾಯ ಬೇಕು: ಹಿರಿಯೂರು ಕಡೆಗೆ ಸೇಬಿನ ಕಸಿ ಗಿಡ, ಯಾವ ಬೇರುಗಿಡದ (ಕಸಿ ಕಟ್ಟೋ ಬುಡದ ಗಿಡ) ಮೇಲಿರಬೇಕು?

ಹಿರಿಯೂರು ತಾಲ್ಲೂಕು, ಕೆಂಪು ಮಣ್ಣು, ಬೋರ್‌ವೆಲ್ ನೀರು, ಡ್ರಿಪ್ ಇದೆ. ಕಡಿಮೆ ಚಳಿಯಲ್ಲೂ ಬರೋ ಅಣ್ಣಾ ತಳಿ 15, ಡಾರ್ಸೆಟ್ ಗೋಲ್ಡನ್ 5 ಹಾಕೋ ಯೋಚನೆ. ಅಣ್ಣಾ ಒಂದೇ ಇದ್ದರೆ ಕಾಯಿ ಸರಿಯಾಗಿ ಕಚ್ಚಲ್ಲ, ಪರಾಗಕ್ಕೆ ಡಾರ್ಸೆಟ್ ಜೊತೆಗಿರಬೇಕು.

ಬೀಜ ಹಾಕಿ ಅನ್ನೋರಿಗೆ ಮೊದಲೇ ಹೇಳಿಬಿಡ್ತೀನಿ. ಒದ್ದೆ ಮರಳಲ್ಲಿ ಬೆರೆಸಿ ಫ್ರಿಜ್‌ನಲ್ಲಿ 60–90 ದಿನ ಇಟ್ಟರೆ ಮೊಳೆಯುತ್ತೆ, ನಿಜ. ಆದರೆ ತಾಯಿ ಗುಣ ಬರಲ್ಲ, ಹೂ ನೋಡೋಕೇ ಆರೆಂಟು ವರ್ಷ. ಅಂಗಡಿ ಹಣ್ಣು ಬಹುಪಾಲು ಚಳಿನಾಡಿನದ್ದು, ನಮ್ಮ ಬಿಸಿಲಿಗೆ ಹೂ ಬಿಟ್ಟರೆ ಪುಣ್ಯ! ಕಸಿಯಾದರೆ 2–3ನೇ ವರ್ಷಕ್ಕೇ ಹೂ.

ತಲೆನೋವು ಬೇರುಗಿಡದ್ದು. ಎಂಎಂ 111 ಅನ್ನೋ ಬೇರುಗಿಡ ನೀರಿನ ಕೊರತೆ ತಡೆಯುತ್ತೆ, ರಸ ಹೀರೋ ಉಣ್ಣೆ ಹೇನಿಗೂ ಜಗ್ಗಲ್ಲ. ಎಂಎಂ 106ಕ್ಕೆ ಬುಡದಲ್ಲಿ ನೀರು ನಿಂತರೆ ಕೊಳೆರೋಗ. ನರ್ಸರಿಯಲ್ಲಿ ಕೇಳಿದರೆ "ಕಸಿ ಗಿಡನೇ ಸಾರ್" ಅಂತಾರೆ, ಯಾವುದರ ಮೇಲೆ ಕಟ್ಟಿದ್ದು ಅಂತ ಬಾಯಿಬಿಡಲ್ಲ.

ಹೊಸದುರ್ಗ, ಚಳ್ಳಕೆರೆ, ಜಗಳೂರು ಕಡೆ ಬೆಳೆದಿರೋರು ದಯವಿಟ್ಟು ತಿಳಿಸಿ: ಯಾವ ಬೇರುಗಿಡ ನಿಂತಿದೆ? ಹೂ ಬರಿಸೋಕೆ ಡಿಸೆಂಬರ್‌ನಲ್ಲಿ ಎಲೆ ಕೈಯಲ್ಲೇ ಕೀಳ್ತೀರಾ, ಉದುರಿಸೋಕೆ ಸ್ಪ್ರೇ ಮಾಡ್ತೀರಾ? ಕಸಿ ಗಂಟನ್ನು ಮಣ್ಣಿಂದ ಎಷ್ಟು ಇಂಚು ಮೇಲೆ ಬಿಟ್ಟಿದ್ದೀರಿ? ಗಂಟಿನ ಫೋಟೋ ಹಾಕಿದರೆ ಇನ್ನೂ ಒಳ್ಳೇದು.