‘ರಿಸ್ಕ್ ಫ್ಯಾಕ್ಟರ್’ ಅಂದರೆ ‘ಅಪಾಯಕಾರಿ ಅಂಶ’ವೇ?

ಎಲ್ಲರಿಗೂ ನಮಸ್ಕಾರ.

ವಾಹನ ವಿಮೆಯ ಲೆಕ್ಕಾಚಾರದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಬರೆಯುತ್ತಿದ್ದೇನೆ. ನಮ್ಮ ಗಾಡಿಯಿಂದ ಬೇರೆಯವರಿಗೆ ಪೆಟ್ಟೋ ನಷ್ಟವೋ ಆದರೆ ವಿಮಾ ಕಂಪನಿ ಪರಿಹಾರ ಕೊಡುತ್ತದಲ್ಲ, ಆ ಹೊಣೆಗಾರಿಕೆ ವಿಮೆ. ಯಾವ ಪಾಲಿಸಿಗಳ ಮೇಲೆ ಕ್ಲೇಮು ಜಾಸ್ತಿ ಬರಬಹುದು ಎಂದು ಅಂದಾಜು ಮಾಡಲು ಚಾಲಕರ ವಯಸ್ಸು, ಕಾರಿನ ವಯಸ್ಸು, ಎಂಜಿನ್ನಿನ ಶಕ್ತಿ, ಹಿಂದಿನ ಕ್ಲೇಮುಗಳು ಇವನ್ನೆಲ್ಲ ನೋಡುತ್ತಾರೆ. ಇವೇ ರಿಸ್ಕ್ ಫ್ಯಾಕ್ಟರ್‌ಗಳು. ಕನ್ನಡದಲ್ಲಿ ಏನೆನ್ನೋಣ?

‘ಅಪಾಯಕಾರಿ ಅಂಶ’ ಎನ್ನುವುದು ರೂಢಿಯಲ್ಲಿದೆ, ಆರೋಗ್ಯದ ಬರಹಗಳಲ್ಲಂತೂ ಬಹಳ. ನಾನೂ ಮೊದಲು ಅದನ್ನೇ ಬರೆದೆ. ‘ಹಳೆಯ ಕಾರು ಒಂದು ಅಪಾಯಕಾರಿ ಅಂಶ’ ಎಂಬ ಸಾಲು ಓದಿದ ಗೆಳತಿ, “ಹೌದಾ, ಬ್ರೇಕು ಸರಿಯಾಗಿ ಹಿಡಿಯಲ್ವಾ?” ಎಂದು ಕೇಳಿದಳು. ತೊಡಕು ಅಲ್ಲೇ ಇದೆ. ಅಪಾಯಕಾರಿ ಅಂದರೆ ಅಪಾಯ ತರುವಂಥದ್ದು. ಲೆಕ್ಕ ಹಾಗೆ ಹೇಳುವುದೇ ಇಲ್ಲ.

ಉದಾಹರಣೆಗೆಂದು ನಾನೇ ಹಾಕಿಕೊಂಡ ಅಂಕಿ ನೋಡಿ. ಎಳೆಯ ಚಾಲಕರಲ್ಲಿ 100 ಪಾಲಿಸಿಗೆ ವರ್ಷಕ್ಕೆ 20 ಕ್ಲೇಮು, ಪಳಗಿದವರಲ್ಲಿ 5. ಕಾರು ಹಳೆಯದಾದರೂ ಹೊಸದಾದರೂ ಇದು ಬದಲಾಗುವುದಿಲ್ಲ ಎಂದಿಟ್ಟುಕೊಳ್ಳಿ. ಆದರೆ 100 ಹಳೇ ಕಾರುಗಳಲ್ಲಿ 80 ಎಳೆಯರ ಕೈಯಲ್ಲಿವೆ, 100 ಹೊಸ ಕಾರುಗಳಲ್ಲಿ 20 ಮಾತ್ರ. ಆಗ ಹಳೇ ಕಾರುಗಳ ಕ್ಲೇಮು 16ಕ್ಕೆ 1 ಸೇರಿ 17. ಹೊಸವುಗಳದ್ದು 4ಕ್ಕೆ 4 ಸೇರಿ 8. ಬರೀ ಕಾರಿನ ವಯಸ್ಸು ನೋಡಿದವರಿಗೆ ಹಳೇ ಕಾರಿನ ಕ್ಲೇಮು ಎರಡು ಪಟ್ಟಿಗಿಂತ ಜಾಸ್ತಿ! ಚಾಲಕರ ವಯಸ್ಸನ್ನೂ ಸೇರಿಸಿ ಪಾಯ್ಸಾನ್ ಮಾದರಿಗೆ (ಕ್ಲೇಮಿನಂಥ ಎಣಿಕೆಗಳನ್ನು ಅಂದಾಜು ಮಾಡುವ ಸಂಖ್ಯಾಶಾಸ್ತ್ರದ ಲೆಕ್ಕ) ಹಾಕಿದರೆ ಕಾರಿನ ಪಾಲು ಕರಗಿಹೋಗುತ್ತದೆ. ಕಾರು ಅಪಾಯ ತಂದಿರಲಿಲ್ಲ, ಅದನ್ನು ಯಾರು ಓಡಿಸುತ್ತಿದ್ದಾರೆ ಎಂಬ ಸುಳಿವು ಕೊಟ್ಟಿತ್ತು, ಅಷ್ಟೆ.

ಹಾಗಾಗಿ ನನಗೆ ಹೊಳೆದ ಪದ ‘ಅಪಾಯದ ಸುಳಿವು’. ಹಿಂದಿನ ಕ್ಲೇಮುಗಳಿಗಂತೂ ಇದು ಚೆನ್ನಾಗಿ ಒಪ್ಪುತ್ತದೆ. ಹೋದ ವರ್ಷದ ಡಿಕ್ಕಿ ಈ ವರ್ಷದ ಡಿಕ್ಕಿಯನ್ನು ಮಾಡಿಸುವುದಿಲ್ಲವಲ್ಲ.

ಆದರೆ ಓಡಿಸಿದ ದೂರದ ವಿಚಾರ ಬಂದಾಗ ಈ ಪದ ಸೋಲುತ್ತದೆ. ಜಾಸ್ತಿ ಓಡಿಸಿದಷ್ಟೂ ಡಿಕ್ಕಿಯಾಗುವ ಸಂದರ್ಭ ಜಾಸ್ತಿ. ಅದು ನಿಜವಾದ ಕಾರಣ, ಬರೀ ಸುಳಿವಲ್ಲ. ಕಾರಣವನ್ನೂ ಸುಳಿವನ್ನೂ ಒಟ್ಟಿಗೆ ಹಿಡಿಯುವ ಪದ ಬೇಕು. ‘ಅಪಾಯದ ಅಂಶ’ ಎಂದು ‘ಕಾರಿ’ಯನ್ನಷ್ಟೇ ಬಿಟ್ಟರೆ ಸಾಕೇ? ನನಗೆ ಅದು ಸ್ವಲ್ಪ ಸಪ್ಪೆ ಅನ್ನಿಸುತ್ತದೆ, ಆದರೆ ತಪ್ಪು ಹೇಳುವುದಿಲ್ಲ.

ಇದು ಸುಮ್ನೆ ಪದದ ಹಟವಲ್ಲ. ವಿಮೆಯಲ್ಲಿ ಗಂಡು, ಹೆಣ್ಣು ಎಂಬುದನ್ನೂ ಇಂಥ ಅಂಶವಾಗಿ ಬಳಸಿದ್ದಾರೆ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2011ರಲ್ಲಿ ಕೊಟ್ಟ ತೀರ್ಪಿನಿಂದಾಗಿ ಅಲ್ಲಿ 2012ರ ಡಿಸೆಂಬರ್ 21ರಿಂದ ಮಾಡಿಸಿದ ಹೊಸ ಪಾಲಿಸಿಗಳಲ್ಲಿ ಆ ಭೇದದ ಮೇಲೆ ಪ್ರೀಮಿಯಂ ಬೇರೆ ಮಾಡುವಂತಿಲ್ಲ. ಒಬ್ಬರು ಗಂಡಾಗಿರುವುದನ್ನು ‘ಅಪಾಯಕಾರಿ’ ಎಂದು ಬರೆಯಲು ನನಗಂತೂ ಕೈ ಬರುವುದಿಲ್ಲ.

ಇನ್ನೊಂದು ಪದ, ‘ಎಕ್ಸ್‌ಪೋಷರ್’. ‘ಒಡ್ಡಿಕೆ’ ಎಂದರೆ ಬಿಸಿಲಿಗೆ ಮೈಯೊಡ್ಡಿದ ಹಾಗೆ ಕೇಳಿಸುತ್ತದೆ. ಇಲ್ಲಿ ಅದು ಪಾಲಿಸಿ ಚಾಲ್ತಿಯಲ್ಲಿದ್ದ ಕಾಲದ ಅಳತೆ: ಇಡೀ ವರ್ಷ ಇದ್ದರೆ 1, ಆರು ತಿಂಗಳಿದ್ದರೆ 0.5. ಆರು ತಿಂಗಳಲ್ಲಿ ಒಂದು ಕ್ಲೇಮು, ವರ್ಷದಲ್ಲಿ ಒಂದು ಕ್ಲೇಮು, ಎರಡನ್ನೂ ಒಂದೇ ಎಂದು ಎಣಿಸಬಾರದು ಎಂದೇ ಈ ಅಳತೆ. ಸದ್ಯಕ್ಕೆ ‘ಹೊಣೆ ಹೊತ್ತ ಕಾಲ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಕೋಷ್ಟಕದ ತಲೆಪಟ್ಟಿಯಲ್ಲಿ ಹಿಡಿಸುವಂಥ ಪದ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.