ಕೂಗುಗಳು ಹೆಚ್ಚಾದರೆ ಭಾಷೆಯಾಗುತ್ತದೆಯೇ?

ಪ್ರಶ್ನೆ:
ವರ್ವೆಟ್ ಕೋತಿಗಳು ಚಿರತೆ, ಹದ್ದು, ಹಾವು ಇವುಗಳಿಗೆ ಬೇರೆ ಬೇರೆ ಕೂಗು ಹಾಕುತ್ತವೆ. ಧ್ವನಿಮುದ್ರಿತ ಕೂಗನ್ನಷ್ಟೇ ಕೇಳಿಸಿದರೂ ಮರ ಹತ್ತುವುದು, ಆಕಾಶ ನೋಡುವುದು, ನೆಲ ನೋಡುವುದು ಹೀಗೆ ತಕ್ಕಂತೆ ವರ್ತಿಸುತ್ತವೆ ಎಂಬುದು ಕೀನ್ಯಾದ ಅಂಬೊಸೆಲಿಯಲ್ಲಿ ನಡೆದು 1980ರಲ್ಲಿ ಪ್ರಕಟವಾದ ಪ್ರಯೋಗಗಳಿಂದ ತಿಳಿದಿದೆ. ಇಂಥ ಕೂಗುಗಳೇ ಹತ್ತಾಗಿ, ನೂರಾಗಿ ಮನುಷ್ಯರ ಭಾಷೆಯಾಗಿರಬಹುದೇ?

ಉತ್ತರ 1:
ಕೂಗುಗಳು ಎಷ್ಟು ಹೆಚ್ಚಿದರೂ ಸಾಲದು ಎಂಬುದು ನನ್ನ ಅಭಿಪ್ರಾಯ. ಕೋತಿಯ ಕೂಗು ಎದುರಿಗಿರುವ ಅಪಾಯವನ್ನು ಇಡಿಯಾಗಿ ಸಾರುತ್ತದೆ. ‘ನಿನ್ನೆ ಬಂದ ಚಿರತೆ ಇಂದು ಬರಲಿಲ್ಲ’ ಎನ್ನಲು ಅದನ್ನು ಬಿಡಿಸಿ ಜೋಡಿಸಲಾಗದು. ಈ ಬಿಡಿಸಿ ಜೋಡಿಸುವ ಗುಣ ಮೊಳೆಯುವುದನ್ನು ನಮ್ಮ ಕಾಲದ ಸಂಶೋಧಕರೇ ನಿಕರಾಗುವಾದಲ್ಲಿ ಕಂಡಿದ್ದಾರೆ. 1977ರಲ್ಲಿ ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ತೆರೆಯುವ ತನಕ ಅಲ್ಲಿನ ಕಿವುಡ ಮಕ್ಕಳಲ್ಲಿ ಹೆಚ್ಚಿನವರು ತಂತಮ್ಮ ಮನೆಗಳಲ್ಲಿ ಒಂಟಿಯಾಗಿದ್ದರು. ಶಿಕ್ಷಕರು ಕಲಿಸಲು ಹೊರಟದ್ದು ತುಟಿಚಲನೆಯ ಮೂಲಕ ಸ್ಪ್ಯಾನಿಷನ್ನು. ಮಕ್ಕಳಾದರೋ ಆಟದ ಬಯಲಿನಲ್ಲಿ, ಶಾಲೆಯ ಬಸ್ಸಿನಲ್ಲಿ, ಮನೆಯಿಂದ ತಂದ ಸನ್ನೆಗಳನ್ನು ಬೆರೆಸಿ ತಮ್ಮದೇ ಭಾಷೆ ಕಟ್ಟತೊಡಗಿದರು. ಇಳಿಜಾರಿನಲ್ಲಿ ಉರುಳಿಹೋಗುವುದನ್ನು ಮೊದಲ ತಂಡದವರು ಹೆಚ್ಚಾಗಿ ಒಂದೇ ಕೈಚಲನೆಯಲ್ಲಿ ತೋರಿಸಿದರೆ, ಅವರ ನಂತರ ಎಳೆಯರಾಗಿದ್ದಾಗಲೇ ಸೇರಿದವರು ಅದನ್ನು ‘ಉರುಳು’, ‘ಇಳಿ’ ಎಂಬ ಎರಡು ಸನ್ನೆಗಳಾಗಿ ಒಡೆದು ಒಂದರ ಹಿಂದೊಂದು ಇಟ್ಟರೆಂದು ಆನ್ ಸೆಂಗಾಸ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಕಣ್ಣಿಗೆ ಒಂದೇ ಆಗಿ ಕಾಣುವ ಚಲನೆಯನ್ನು ಹೀಗೆ ಒಡೆಯಲು ಆ ಮಕ್ಕಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಉತ್ತರ 2:
ಉದಾಹರಣೆ ಅಪೂರ್ವವಾದದ್ದೇ, ಆದರೆ ಆ ಮಕ್ಕಳ ಮೆದುಳು ನಮ್ಮದರಂತೆಯೇ ಭಾಷೆಗೆ ಸಿದ್ಧವಾಗಿತ್ತು ಎಂಬುದನ್ನು ಮರೆಯಬಾರದು. ಆ ಸಿದ್ಧತೆ ಬಂದ ಬಗೆಗೆ ಬೇರೆಡೆ ಹುಡುಕಬೇಕು. ಮಾತಿನ ತೀವ್ರ ತೊಂದರೆಯಿದ್ದ ಒಂದು ಬ್ರಿಟಿಷ್ ಕುಟುಂಬದ ಅಧ್ಯಯನದಿಂದ 2001ರಲ್ಲಿ ಗುರುತಿಸಲಾದ ಫಾಕ್ಸ್‌ಪಿ2 ಜೀನ್ ರೂಪಿಸುವ ಪ್ರೋಟೀನ್ ಚಿಂಪಾಂಜಿಯದಕ್ಕಿಂತ ನಮ್ಮಲ್ಲಿ ಎರಡು ಕಡೆ ಬದಲಾಗಿದ್ದು, ಅದೇ ಬದಲಾವಣೆಗಳು ಅಳಿದುಹೋದ ನಮ್ಮ ಹತ್ತಿರದ ಮಾನವ ಬಂಧುಗಳಾದ ನಿಯಾಂಡರ್ತಾಲರಲ್ಲಿಯೂ ಇದ್ದುದು 2007ರಲ್ಲಿ ತಿಳಿಯಿತು. ಇಸ್ರೇಲಿನ ಕೆಬಾರಾ ಗುಹೆಯಲ್ಲಿ ದೊರೆತ ಸುಮಾರು 60,000 ವರ್ಷ ಹಳೆಯ ನಿಯಾಂಡರ್ತಾಲ್ ನಾಲಿಗೆಮೂಳೆಯೂ ನಮ್ಮದನ್ನು ಬಹಳವಾಗಿ ಹೋಲುತ್ತದೆ. ಇವುಗಳಿಂದ ಅವರು ಮಾತನಾಡುತ್ತಿದ್ದರೆಂದು ಸಾಧಿಸಿದಂತಾಗದಿದ್ದರೂ, ಸಿದ್ಧತೆಯ ಕೆಲವು ಅಂಶಗಳಾದರೂ ನಮಗಿಂತ ಹಳೆಯವೆಂದು ನಾನು ಭಾವಿಸುತ್ತೇನೆ.

ಉತ್ತರ 1:
ಒಪ್ಪುತ್ತೇನೆ. ಆದರೆ ಅದೇ ಸಿದ್ಧ ಮೆದುಳಿದ್ದೂ ಮನೆಯಲ್ಲಿ ಒಂಟಿಯಾಗಿದ್ದ ಮಗುವಿನ ಸನ್ನೆಗಳು ಪೂರ್ಣ ಭಾಷೆಯಾಗಲಿಲ್ಲ. ಹಿರಿಯ ಮಕ್ಕಳು ಬಳಸಿದ್ದನ್ನು ಕಿರಿಯರು ಕಲಿತು ತಿದ್ದುವ ಗುಂಪೊಂದು ಬೇಕಾಯಿತು. ಆದ್ದರಿಂದ ಮೊದಲ ಭಾಷೆಯ ಹುಡುಕಾಟದಲ್ಲಿ ಜೀನುಗಳ ಜೊತೆಗೆ, ಆ ಕಾಲದ ಮಕ್ಕಳು ಯಾರೊಡನೆ ಆಡಿ ಬೆಳೆಯುತ್ತಿದ್ದರೆಂಬುದನ್ನೂ ಕೇಳಬೇಕು.